ಬೆಳಗಾವಿಯ ಮಳೆಗೆ ಒಗ್ಗುವ ಮರದ ನೆಲ ಯಾವುದು?

ಟಿಳಕವಾಡಿಯ ನಮ್ಮ ಮನೆಯಲ್ಲಿ ಮೂರು ಬಗೆಯ ಮರದ ನೆಲಗಳಿವೆ: ಮಹಡಿಯಲ್ಲಿ ಹಿರಿಯರು ಹಾಕಿಸಿದ ಸಾಗವಾನಿ ಹಲಗೆ, ಮಕ್ಕಳ ಕೋಣೆಯಲ್ಲಿ ಲ್ಯಾಮಿನೇಟ್, ಮಲಗುವ ಕೋಣೆಯಲ್ಲಿ ಎಂಜಿನಿಯರ್ಡ್ ವುಡ್ (ಪ್ಲೈವುಡ್ ಮೇಲೆ ನಿಜವಾದ ಮರದ ಪದರ ಅಂಟಿಸಿದ ಹಲಗೆ). ಇನ್ನೊಂದು ಕೋಣೆಗೆ ನೆಲ ಹಾಕಿಸುವ ಪ್ರಸಂಗ ಬಂದರೆ ಮೂರನೆಯದನ್ನೇ ಹಾಕಿಸುತ್ತೇನೆ.

ಇದಕ್ಕೆ ಮುಖ್ಯ ಕಾರಣ ಮಕ್ಕಳ ಕೋಣೆಯ ಬಾಲ್ಕನಿ ಬಾಗಿಲು. ಜುಲೈ ತಿಂಗಳ ಜಡಿಮಳೆಯಲ್ಲಿ ಎರಚಲು ಒಳಬಂದು, ಹೊಸ್ತಿಲಿನ ಪಕ್ಕದ ಲ್ಯಾಮಿನೇಟ್ ಹಲಗೆಗಳ ಅಂಚು ಉಬ್ಬಿತು. ಲ್ಯಾಮಿನೇಟಿನ ಮೇಲ್ಮೈ ಮರದ ಚಿತ್ರ ಅಚ್ಚಾದ ಕಾಗದ. ಒಳಗಿರುವುದು ಮರದ ನಾರನ್ನು ಒತ್ತಿ ಮಾಡಿದ ಹಲಗೆ. ಜೋಡಣೆಯ ಸಂದಿನಿಂದ ನೀರು ಕುಡಿದು ಉಬ್ಬಿದ ಆ ನಾರು ಒಣಗಿದ ಮೇಲೂ ಮೊದಲಿನ ಮಟ್ಟಕ್ಕೆ ಇಳಿಯಲಿಲ್ಲ.

ಆ ಬಳಿಕ ಬಾಗಿಲು ಉಬ್ಬಿದ ಅಂಚಿಗೆ ಉಜ್ಜಿ ಮೇಲ್ಪದರ ಚಕ್ಕೆಯೆದ್ದಿತು. ಹಲಗೆಗಳು ಒಂದರೊಳಗೊಂದು ಸಿಕ್ಕಿಸಿದವಾದ್ದರಿಂದ ಹಾಳಾದದ್ದನ್ನು ತೆಗೆಯಲು ಗೋಡೆಯ ಕಡೆಯಿಂದ ಸಾಲುಸಾಲಾಗಿ ಬಿಚ್ಚಬೇಕಾಯಿತು. ಅಷ್ಟಾದ ಮೇಲೆ ಆ ಬಣ್ಣದ ಹಲಗೆ ಈಗ ಬರುವುದೇ ಇಲ್ಲವೆಂದು ಅಂಗಡಿಯವರು ತಿಳಿಸಿದರು. ಮೇಲ್ಮೈ ಕಾಗದವಾದ್ದರಿಂದ ಉಜ್ಜಿ ಪಾಲಿಶ್ ಮಾಡುವ ದಾರಿಯೂ ಇಲ್ಲ.

ಸಾಗವಾನಿಯ ಅಂದ ಪ್ರಶ್ನಾತೀತ. ಆದರೆ ಅಖಂಡ ಮರವು ಎಳೆಗಳಿಗೆ ಅಡ್ಡಲಾಗಿ ಹಿಗ್ಗಿ ಕುಗ್ಗುವುದರಿಂದ ಮಳೆಗಾಲದಲ್ಲಿ ಬಿಗಿಯಾಗಿ ಕೂಡಿದ ಹಲಗೆಗಳ ನಡುವೆ ಏಪ್ರಿಲ್ ಹೊತ್ತಿಗೆ ಬಿರುಕು ಕಾಣುತ್ತದೆ.

ಎಂಜಿನಿಯರ್ಡ್ ವುಡ್‌ನಲ್ಲಿ ಪ್ಲೈವುಡ್ ಪದರಗಳನ್ನು ಎಳೆಗಳು ಒಂದಕ್ಕೊಂದು ಅಡ್ಡ ಬರುವಂತೆ ಅಂಟಿಸಿರುವುದರಿಂದ ಒಂದು ಪದರದ ಹಿಗ್ಗುವಿಕೆಯನ್ನು ಇನ್ನೊಂದು ತಡೆಯುತ್ತದೆ. ನಮ್ಮದರ ಮೇಲ್ಪದರ 4 ಮಿ.ಮೀ. ದಪ್ಪದ ನಿಜವಾದ ಓಕ್. ಗೀರು ಹೆಚ್ಚಾದಾಗ ಉಜ್ಜಿ ಹೊಸದು ಮಾಡಿಕೊಳ್ಳಬಹುದು. ಚಳಿಗಾಲದ ಬೆಳಗಿನಲ್ಲಿ ಫರಸಿ ಕಲ್ಲಿನಂತೆ ಕೊರೆಯದ ಕಾರಣ, ಕೆಳಗೆ ಕುಳಿತು ಓದುವ ರೂಢಿಯಿರುವ ನನಗೆ ಇದು ಬಹಳ ಹಿಡಿಸಿದೆ. ನೆಲದ ಮಟ್ಟ ಏರಿದ್ದರಿಂದ ಬಾಗಿಲಿನ ಕೆಳಭಾಗವನ್ನು ಬಡಿಗರಿಂದ ತುಸು ಕೊಯ್ಯಿಸಬೇಕಾಯಿತು.

ಖರ್ಚು ಲ್ಯಾಮಿನೇಟಿಗಿಂತ ಬಹಳ ಹೆಚ್ಚು. ಆದ್ದರಿಂದ ಇಡೀ ಮನೆಯ ಬದಲು ಒಂದು ಕೋಣೆಯನ್ನು ಆರಿಸಿಕೊಂಡೆವು. ಇದೂ ನಿಂತ ನೀರನ್ನು ತಾಳದು: ಬಕೆಟ್ ನೀರು ಚೆಲ್ಲಿ ನೆಲ ತೊಳೆಯುವ ಮನೆಗಳಿಗೆ ಇದನ್ನು ಹೇಳಲಾರೆ. ನಾವು ಚೆನ್ನಾಗಿ ಹಿಂಡಿದ ಬಟ್ಟೆಯಿಂದಷ್ಟೇ ಒರೆಸುತ್ತೇವೆ. ಅಡುಗೆಮನೆ, ದೇವರಮನೆಗಳಲ್ಲಿ ಫರಸಿಯನ್ನೇ ಉಳಿಸಿಕೊಂಡಿದ್ದೇವೆ. ಬಾಡಿಗೆ ಮನೆಯಲ್ಲಿ, ಮಳೆ ತಾಗದ ಕೋಣೆಗಾದರೆ ಲ್ಯಾಮಿನೇಟ್ ಸಾಕು.