ಹಳೇ ಜೀಪಿಗೆ ಕ್ಯುಪ್ರೊನಿಕಲ್ ಬ್ರೇಕ್ ಪೈಪ್: ಮೂರು ವರ್ಷ ಓಡಿಸಿದ ಮೇಲೆ

ತಾಮ್ರ-ನಿಕಲ್ ಮಿಶ್ರಲೋಹದ ಈ ಪೈಪು ಚೆನ್ನಾಗಿದೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಇದನ್ನು ಹಾಕಿಸಿದರೆ ಬ್ರೇಕ್ ಜಾಸ್ತಿ ಹಿಡಿಯುತ್ತದೆ ಅಂತ ಯಾರಾದರೂ ಹೇಳಿದ್ದರೆ ನಂಬಬೇಡಿ. ಪೈಪು ಬದಲಾಯಿಸುವುದು ಬ್ರೇಕ್ ಕೈಕೊಡದಿರಲಿ ಅಂತ. ಚುರುಕಾಗಲಿ ಅಂತ ಅಲ್ಲ.

ನನ್ನದು ಎಪ್ಪತ್ತರ ದಶಕದ ಮಹೀಂದ್ರಾ ಸಿಜೆ 3ಬಿ, ಪೆಟ್ರೋಲ್ ಗಾಡಿ. ವಿಲ್ಲಿಸ್‌ನವರು 1953ರಲ್ಲಿ ಎತ್ತರದ ಹರಿಕೇನ್ ಇಂಜಿನ್ ಕೂರಿಸಲು ಬಾನೆಟ್ಟನ್ನೇ ಎತ್ತರ ಮಾಡಿದರಲ್ಲ, ಅದೇ ಮಾದರಿ. ನಾಲ್ಕೂ ಕಡೆ 9 ಇಂಚಿನ ಡ್ರಮ್. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಪೈಪುಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಇರುವುದು ಡ್ರೈವರ್ ಕಾಲ ಕೆಳಗೆ, ಚಾಸಿಯ ಪಕ್ಕದಲ್ಲಿ. ಸರ್ಕ್ಯೂಟ್ ಒಂದೇ. ಅಂದರೆ ಎಲ್ಲಿ ಒಂದು ಪೈಪು ಒಡೆದರೂ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೇ ಹೋಯಿತು. ಉಳಿಯುವುದು ಹ್ಯಾಂಡ್‌ಬ್ರೇಕ್. ಅದು ಮುಂದಿನ-ಹಿಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದಿರುವ ಪುಟ್ಟ ಡ್ರಮ್ಮನ್ನು ಹಿಡಿಯುತ್ತದೆ. ನಿಂತ ಗಾಡಿ ಜಾರದಂತೆ ತಡೆಯಲು ಸರಿ, ನಂದಿ ಬೆಟ್ಟ ಇಳಿಯುವಾಗ ನಂಬುವಂಥದ್ದಲ್ಲ.

ಚಾಸಿಗೆ ಪೇಂಟ್ ಹೊಡೆಯಲು ಬಾಡಿ ಎತ್ತಿದಾಗ ಹಳೇ ಸ್ಟೀಲ್ ಪೈಪುಗಳು ಮೇಲ್ನೋಟಕ್ಕೆ ಗಟ್ಟಿಯಾಗಿಯೇ ಕಂಡವು. ಕ್ಲಿಪ್ ಬಿಚ್ಚಿದ ಮೇಲೆ ಬಣ್ಣ ಬಯಲಾಯಿತು. ಕ್ಲಿಪ್ಪಿನ ಅಡಿಯಲ್ಲಿ ವರ್ಷಗಟ್ಟಲೆ ಮಣ್ಣು ಸೇರಿ, ಅದು ನೀರು ಹಿಡಿದುಕೊಂಡು, ಪೈಪು ಅಲ್ಲೇ ತಿಂದುಹೋಗಿತ್ತು. ಉಗುರಲ್ಲಿ ಕೆರೆದರೆ ತುಕ್ಕು ಪದರ ಪದರವಾಗಿ ಉದುರಿತು. ಹಿಂದಿನ ಆಕ್ಸಲ್ ಮೇಲಿನ ಪೈಪನ್ನು ಕೈಯಲ್ಲಿ ಬಗ್ಗಿಸಿದೆ, ಕ್ಲಿಪ್ ಇದ್ದ ಜಾಗದಲ್ಲೇ ಲಟಕ್ಕೆಂದು ಮುರಿಯಿತು. ನಿಮ್ಮ ಗಾಡಿಯನ್ನೂ ಪರೀಕ್ಷೆ ಮಾಡುವುದಾದರೆ ಕಣ್ಣಿಗೆ ಕಾಣುವ ಉದ್ದದ ಪೈಪು ನೋಡಿ ಸಮಾಧಾನ ಪಡಬೇಡಿ. ಕ್ಲಿಪ್ ಬಿಚ್ಚಿ ನೋಡಿ.

ಹೊಸದಕ್ಕೆ ಮೂರು ದಾರಿ ಇದ್ದವು. ಸ್ಟೀಲ್ ಪೈಪು ಅಗ್ಗ, ಎಲ್ಲ ಕಡೆ ಸಿಗುತ್ತದೆ, ಗಟ್ಟಿ. ಆದರೆ ಬಗ್ಗಿಸುವುದು ಕಷ್ಟ, ಮತ್ತೆ ತುಕ್ಕು ಹಿಡಿಯುವುದಂತೂ ಖಚಿತ. ಎರಡನೆಯದು ಬರೀ ತಾಮ್ರ. ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ ಕ್ಯುಪ್ರೊನಿಕಲ್ ಕೇಳಿದರೆ ಕೆಂಪಗೆ ಹೊಳೆಯುವ ರೋಲ್ ತಂದಿಟ್ಟು, "ತಗೊಳ್ಳಿ ಸಾರ್, ಎಲ್ಲಾ ಒಂದೇ, ಎಲ್ರೂ ಇದನ್ನೇ ಹಾಕೋದು" ಅಂದರು. ಒಂದೇ ಅಲ್ಲ. ಬರೀ ತಾಮ್ರ ಮೆತ್ತಗೆ, ಅಲುಗಾಟಕ್ಕೆ ಸಿಕ್ಕಿ ಬರಬರುತ್ತಾ ಗಡುಸಾಗುತ್ತದೆ, ಕೊನೆಗೆ ಬಿರುಕು ಬಿಡುತ್ತದೆ. ಫ್ರಿಜ್ಜಿಗೆ ಸರಿ, ಬ್ರೇಕಿಗೆ ಬೇಡ.

ಮೂರನೆಯದು ಕ್ಯುಪ್ರೊನಿಕಲ್. ಸುಮಾರು 90 ಭಾಗ ತಾಮ್ರ, 10 ಭಾಗ ನಿಕಲ್, ಜೊತೆಗೆ ಚೂರು ಕಬ್ಬಿಣ ಮತ್ತು ಮ್ಯಾಂಗನೀಸ್. ಹಡಗುಗಳಲ್ಲಿ ಸಮುದ್ರದ ನೀರು ಹರಿಯುವ ಪೈಪುಗಳಿಗೂ ಇದೇ ಮಿಶ್ರಲೋಹ ಬಳಸುತ್ತಾರೆ. ವೋಲ್ವೋ ಕಾರುಗಳಲ್ಲಿ 1970ರ ದಶಕದಿಂದಲೇ ಬ್ರೇಕ್ ಪೈಪು ಇದರದ್ದು. ಕೊಳ್ಳುವಾಗ ಈ ಮಿಶ್ರಲೋಹದ ಸಿ70600 ಅನ್ನುವ ನಂಬರ್ ಕೇಳಿ. ಬಣ್ಣದಲ್ಲೂ ಗೊತ್ತಾಗುತ್ತದೆ: ತಾಮ್ರದಷ್ಟು ಕೆಂಪಿರುವುದಿಲ್ಲ, ಸ್ವಲ್ಪ ಮಂಕು ಗುಲಾಬಿ. ನಾನು ಆನ್‌ಲೈನಲ್ಲಿ 3/16 ಇಂಚಿನ 25 ಅಡಿ ರೋಲ್ ತರಿಸಿದೆ, ನಟ್‌ಗಳ ಕಿಟ್ ಜೊತೆಗೇ ಬಂತು. ಸ್ಟೀಲಿಗಿಂತ ದುಬಾರಿ, ಆದರೆ ಚಾಸಿಗೆ ಹೊಡೆಸಿದ ಪೇಂಟಿನ ಖರ್ಚಿನ ಮುಂದೆ ಇದೇನೂ ಅಲ್ಲ. 80 ಇಂಚು ವೀಲ್‌ಬೇಸಿನ ಸಣ್ಣ ಜೀಪಿಗೆ ಒಂದು ರೋಲ್ ಸಾಕು.

ಬಗ್ಗಿಸುವುದು ಸಲೀಸು. ಹಳೇ ಪೈಪನ್ನು ನೆಲದ ಮೇಲಿಟ್ಟು ಅದರ ಆಕಾರಕ್ಕೇ ಕೈಯಲ್ಲಿ ತಿರುಗಿಸಿಕೊಂಡು ಹೋದೆವು. ಚಾಸಿ ಮೇಲೆ ಕೂರಿಸುವಾಗ ಚೂರು ಹೆಚ್ಚುಕಮ್ಮಿ ಆದರೆ ಅಲ್ಲೇ ಸರಿ ಮಾಡಬಹುದು. ಸ್ಟೀಲಿನಲ್ಲಿ ಈ ಸುಖ ಇಲ್ಲ.

ಪೈಪಿನ ಹಣೆಬರಹ ನಿರ್ಧಾರವಾಗುವುದು ತುದಿಗಳಲ್ಲಿ. ವಿಲ್ಸನ್ ಗಾರ್ಡನ್ನಿನ ಹಳೇ ಮೆಕ್ಯಾನಿಕ್ ಒಬ್ಬರು, ಎಲ್ಲರೂ ಭಾಯ್ ಅಂತಲೇ ಕರೆಯುವುದು, ಫ್ಲೇರ್ ಮಾಡುವುದನ್ನು, ಅಂದರೆ ಪೈಪಿನ ತುದಿ ಅಗಲಿಸುವುದನ್ನು, ಪಕ್ಕದಲ್ಲಿ ಕೂತು ನೋಡಿದೆ. ಗರಗಸ ಮುಟ್ಟಲೇ ಇಲ್ಲ, ಪೈಪ್ ಕಟರನ್ನು ನಿಧಾನವಾಗಿ ಸುತ್ತಿಸಿ ಕತ್ತರಿಸಿದರು. ಒಳ ಅಂಚಿನಲ್ಲಿ ಎದ್ದ ಚೂಪು ತೆಗೆದು, ಬಾಯಲ್ಲಿ ಊದಿ ಪುಡಿ ಹೊರಗೆ ಹಾಕಿದರು. ನಟ್ ಏರಿಸಿ ಆಮೇಲೆ ಪೈಪನ್ನು ಡೈ ಅನ್ನುವ ಅಚ್ಚಿನೊಳಗೆ ಹಿಡಿಸಿದರು. ಮೊದಲ ಒತ್ತಿಗೆ ತುದಿ ಅಣಬೆಯ ಹಾಗೆ ಉಬ್ಬಿತು. ಎರಡನೇ ಒತ್ತಿಗೆ ಆ ಉಬ್ಬು ಒಳಕ್ಕೆ ಮಡಚಿ ಎರಡು ಪದರದ ಕೊಳವೆಬಾಯಿ ಆಯಿತು. ಭಾಯ್ ಟಾರ್ಚ್ ಹಿಡಿದು ನೋಡಿದರೆ ಒಂದು ಕಡೆ ಅಂಚು ಕೂದಲೆಳೆಯಷ್ಟು ಹೆಚ್ಚು ದಪ್ಪ. ನನಗೆ ಅದು ಕಾಣಲೇ ಇಲ್ಲ.

"ನಡೆಯಲ್ವಾ ಭಾಯ್?" ಅಂದೆ.

"ನಡೆಯುತ್ತೆ ಸಾರ್. ನಿಲ್ಲೋದು ಗ್ಯಾರಂಟಿ ಇಲ್ಲ" ಅಂತ ಹೇಳಿ ಕಚ್ಚಂತ ಕತ್ತರಿಸಿ ಬಿಸಾಕಿದರು. ಲೋಹ ಮೆತ್ತಗಿರುವುದರಿಂದ ಮತ್ತೆ ಮಾಡುವುದಕ್ಕೆ ತಲೆನೋವಿಲ್ಲ, ಅಂಚು ಸೀಳುವುದೂ ಅಪರೂಪ.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಗಮನಿಸಿ. ಈ ಜೀಪಿನ ಮೂಲ ನಟ್ ಇಂಚಿನ ಲೆಕ್ಕದ್ದು, 3/8 ಇಂಚು, ಇಂಚಿಗೆ 24 ಥ್ರೆಡ್. ಹಿಂದಿನ ಮಾಲೀಕರು ಯಾರೋ ಹಿಂದಿನ ಎಡಗಡೆ ಬೇರೆ ಗಾಡಿಯ ವೀಲ್ ಸಿಲಿಂಡರ್ (ಚಕ್ರದ ಬಳಿ ಬ್ರೇಕ್ ಒತ್ತುವ ಭಾಗ) ಹಾಕಿಸಿದ್ದರು, ಅದರ ಥ್ರೆಡ್ 10 ಎಂಎಂ, ಪಿಚ್ ಅಂದರೆ ಎರಡು ಥ್ರೆಡ್ ನಡುವಿನ ಅಂತರ 1 ಎಂಎಂ. 3/8 ಅಂದರೆ ಸುಮಾರು 9.5 ಎಂಎಂ. ಕಣ್ಣಿಗೆ ಎರಡೂ ಅವಳಿ ಜವಳಿ. ಇಂಚಿನ ನಟ್ ಆ ತೂತಿಗೆ ಸಡಿಲವಾಗಿ ಹೋಗಿ ಕಚ್ಚಿದ ಹಾಗೆ ನಾಟಕ ಆಡುತ್ತದೆ, ಜೋರಾಗಿ ಪೆಡಲ್ ಒತ್ತಿದ ದಿನ ಕಿತ್ತು ಬರುತ್ತದೆ. ಫ್ಲೇರಿನ ಆಕಾರವೂ ಬೇರೆ: ಇಂಚಿನದ್ದಕ್ಕೆ ಒಳಕ್ಕೆ ಮಡಚಿದ ಡಬಲ್ ಫ್ಲೇರ್, ಎಷ್ಟೋ ಎಂಎಂ ಗಾಡಿಗಳಿಗೆ ಗುಂಡನೆಯ ಬಬಲ್ ಫ್ಲೇರ್. ಆ ಸಿಲಿಂಡರನ್ನೇ ತೆಗೆದು ಸರಿಯಾದದ್ದು ಹಾಕಿಸಿದೆವು. ನಟ್ ಬಿಗಿ ಮಾಡಲು ಮಾಮೂಲಿ ಸ್ಪ್ಯಾನರ್ ಬೇಡ, ಬಾಯಿ ತೆರೆದ ರಿಂಗ್ ತರಹದ ಬ್ರೇಕ್ ಪೈಪ್ ಸ್ಪ್ಯಾನರನ್ನೇ ತಗೊಳ್ಳಿ. ಇಲ್ಲದಿದ್ದರೆ ನಟ್ಟಿನ ಮೂಲೆಗಳು ಸವೆದು ಗುಂಡಗಾಗುತ್ತವೆ.

ಪೈಪಿನೊಳಗೆ ಸೇರಿದ ಏರ್ ತೆಗೆದದ್ದು ಮಾಸ್ಟರ್ ಸಿಲಿಂಡರಿಗೆ ದೂರದ ಹಿಂದಿನ ಎಡ ಚಕ್ರದಿಂದ. ಆಮೇಲೆ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಎಲ್ಲ ಮುಗಿದರೂ ಪೆಡಲ್ ಅರ್ಧಕ್ಕೆ ಇಳಿಯುತ್ತಿತ್ತು. ಪೈಪಿನ ಮೇಲೆ ಅನುಮಾನ ಬಂತು, ಆದರೆ ಕಾರಣ ಡ್ರಮ್ಮಿನ ಲೈನರ್ ಅಡ್ಜಸ್ಟ್ ಆಗದೇ ಇದ್ದದ್ದು. ಅದನ್ನು ಸರಿ ಮಾಡಿದ ಮೇಲೆ ಪೆಡಲ್ ಮೇಲೇ ನಿಂತಿತು. ಬ್ರೇಕ್ ಆಯಿಲ್ ಡಾಟ್ 4 ದರ್ಜೆಯದ್ದು ಹಾಕಿದ್ದೇನೆ, ಎರಡು ವರ್ಷಕ್ಕೊಮ್ಮೆ ಬದಲು. ಗಾಳಿಯ ತೇವ ಎಳೆದುಕೊಂಡರೆ ಅದರ ಕುದಿಯುವ ಬಿಂದು ಕನಿಷ್ಠ 230 ಡಿಗ್ರಿಯಿಂದ 155ರ ಆಸುಪಾಸಿಗೆ ಇಳಿಯಬಹುದು. ಹೊಸ ಪೇಂಟ್ ಮೇಲೆ ಒಂದು ಹನಿ ಬಿದ್ದರೂ ತಕ್ಷಣ ನೀರು ಹಾಕಿ ತೊಳೆಯಿರಿ, ಪೇಂಟ್ ಎದ್ದುಬರುತ್ತದೆ.

ಅಲ್ಲಿಂದ ಇಲ್ಲಿಗೆ ಜೀಪು ಬೆಂಗಳೂರಿನ ಮಳೆ, ಸಕಲೇಶಪುರದ ಕಡೆಯ ಕೆಸರು, ಶಿರಾಡಿ ಘಾಟಿ ಇಳಿದು ಕಡಲ ತೀರ, ಎಲ್ಲ ಕಂಡಿದೆ. ಪೈಪಿನ ಬಣ್ಣ ಕಂದಾಗಿದೆ, ಕರಾವಳಿ ಸುತ್ತಿ ಬಂದ ಮೇಲೆ ಅಲ್ಲಲ್ಲಿ ಹಸಿರು ಛಾಯೆ ಬಂತು. ಬಟ್ಟೆಯಲ್ಲಿ ಒರೆಸಿದರೆ ಕೆಳಗೆ ಲೋಹ ನುಣ್ಣಗೇ ಇದೆ. ಈ ಸಲ ಸರ್ವಿಸಿನಲ್ಲಿ ಕ್ಲಿಪ್ ಎಲ್ಲ ಬಿಚ್ಚಿ ನೋಡಿದೆ, ಅಡಿಯಲ್ಲಿ ಮಣ್ಣು ಇತ್ತು, ಗುಳಿ ಇರಲಿಲ್ಲ. ಒಂದು ಹನಿ ಸೋರಿಲ್ಲ.

ಮೆತ್ತಗಿರುವುದು ಇದರ ದೊಡ್ಡ ಗುಣ, ತೊಂದರೆಯೂ ಅದೇ. ಹಿಂದಿನ ಆಕ್ಸಲ್ ಮೇಲೆ ಕಲ್ಲು ಬಡಿದು ಒಂದು ಕಡೆ ಸಣ್ಣದಾಗಿ ನೆಗ್ಗಿತ್ತು. ಆ ತುಂಡನ್ನು ಬದಲಾಯಿಸಿ ಮೇಲೆ ಸ್ಪ್ರಿಂಗ್ ಸುತ್ತಿಸಿದೆ. ಕಾಡು ದಾರಿಗೆ ಹೋಗುವವರು ಇದನ್ನು ಮೊದಲ ದಿನವೇ ಮಾಡಿಸಿಕೊಳ್ಳಿ, ಖರ್ಚು ಕಡಿಮೆ. ಕ್ಲಿಪ್ಪುಗಳೂ ರಬ್ಬರ್ ಇರುವವೇ ಆಗಬೇಕು, ಹತ್ತಿರ ಹತ್ತಿರ ಇರಬೇಕು. ಸಡಿಲ ಬಿಟ್ಟರೆ ಚಾಸಿಗೆ ಉಜ್ಜಿ ಉಜ್ಜಿ ಸವೆಯುತ್ತದೆ. ರಬ್ಬರ್ ಹೋಸ್‌ಗಳನ್ನೂ ಜೊತೆಗೇ ಹೊಸದು ಹಾಕಿಸಿ. ಪೈಪು ಹೊಸದು, ಹೋಸ್ ಹಳೇದು ಅಂದರೆ ಕೆಲಸ ಅರ್ಧ ಮಾಡಿದ ಹಾಗೆ.

ದಿನಾ ಆಫೀಸಿಗೆ ಓಡಿಸಿ ಎರಡು ವರ್ಷದಲ್ಲಿ ಮಾರುವ ಗಾಡಿಯಾದರೆ ಒಳ್ಳೇ ಸ್ಟೀಲ್ ಪೈಪೇ ಸಾಕು, ಸುಮ್ನೆ ಖರ್ಚು ಬೇಡ. ಚಾಸಿ ಸಮೇತ ಬಿಚ್ಚಿ ಕಟ್ಟುತ್ತಿದ್ದರೆ ಕ್ಯುಪ್ರೊನಿಕಲ್ ಬಿಟ್ಟು ಬೇರೆ ಯೋಚನೆ ಮಾಡಬೇಡಿ. ಪೈಪಿಗೆ ನನ್ನಿಂದ ಐದಕ್ಕೆ ನಾಲ್ಕೂವರೆ. ಅರ್ಧ ಕಡಿಮೆ ಮಾಡಿದ್ದು ಕಿಟ್ ಜೊತೆ ಬಂದ ನಟ್‌ಗಳಿಗೆ: ಮೊದಲ ಮಳೆಗಾಲಕ್ಕೇ ತುಕ್ಕು ಹಿಡಿದವು. ನಟ್‌ಗಳನ್ನು ಬೇರೆಯಾಗಿಯೇ ಕೊಳ್ಳಿ.