ಕೋಬೆಲ್‌ನ ಹಳ್ಳಿಗರು: ಒಂದು ಹಳೆಯ ಎಚಿಂಗ್ ಮತ್ತು ಅದಕ್ಕೆ ತುಮಕೂರಿನಲ್ಲಿ ಹಾಕಿಸಿದ ಕಟ್ಟು

ಜರ್ಮನ್ ನಿಸರ್ಗಚಿತ್ರಕಾರ ಫರ್ಡಿನಾಂಡ್ ಕೋಬೆಲ್ ಹಳ್ಳಿಗರನ್ನು ಚಿತ್ರಿಸಿದ ಸಣ್ಣ ಎಚಿಂಗ್ (ಆಮ್ಲದಿಂದ ಕೊರೆದ ತಾಮ್ರದ ತಗಡಿನಿಂದ ಕಾಗದಕ್ಕೆ ಒತ್ತಿದ ಚಿತ್ರ) ಒಂದನ್ನು ವಿದೇಶದ ಮಾರಾಟಗಾರರೊಬ್ಬರಿಂದ ಆನ್‌ಲೈನ್‌ನಲ್ಲಿ ತರಿಸಿಕೊಂಡು, ಇಲ್ಲಿ ತುಮಕೂರಿನಲ್ಲೇ ಕಟ್ಟು ಹಾಕಿಸಿದ್ದೇನೆ. ಚಿತ್ರದ ಬಗ್ಗೆ ನನಗೆ ಪೂರ್ಣ ಮೆಚ್ಚುಗೆಯಿದೆ. ಮಾರಾಟಗಾರರು ಕೊಟ್ಟ ವಿವರಣೆಯ ಬಗ್ಗೆ ಇಲ್ಲ.

ಚಿತ್ರ ಅಂಗೈಗಿಂತ ತುಸು ದೊಡ್ಡದು. ದಾರಿಯ ಬದಿಯಲ್ಲಿ ಕೋಲಿಗೆ ಒರಗಿ ನಿಂತ ಗಂಡಸು, ತಲೆಯ ಮೇಲೆ ಹೊರೆ ಹೊತ್ತ ಹೆಂಗಸು, ಅವಳ ಲಂಗವನ್ನು ಹಿಡಿದುಕೊಂಡ ಮಗು, ಹಿಂದೆ ಒಂದು ಮರ. ಮುಖಗಳು ಎರಡು ಮೂರು ಗೀರುಗಳಲ್ಲಿ ಮುಗಿದಿವೆ. ಆದರೆ ಗಂಡಸಿನ ಭಾರವೆಲ್ಲ ಒಂದೇ ಕಾಲಿನ ಮೇಲಿರುವುದನ್ನೂ, ಹೊರೆ ಹೊತ್ತ ಹೆಂಗಸು ಕತ್ತನ್ನು ಹೊರಳಿಸಲಾಗದೆ ಇಡೀ ಮೈಯನ್ನೇ ಅವನತ್ತ ತಿರುಗಿಸಿರುವುದನ್ನೂ ನೋಡಿದರೆ, ಹಳ್ಳಿಯ ದಾರಿಗಳಲ್ಲಿ ನಿಂತು ಜನರನ್ನು ಗಮನಿಸಿದ ಕೈಯೇ ಇದನ್ನು ಬರೆದಿದೆ ಎಂಬುದು ಖಚಿತವಾಗುತ್ತದೆ. ಶಿರಾ, ಪಾವಗಡದ ಕಡೆ ಕಂಬಳಿ ಹೊದ್ದು ಹಿಂಡು ಕಾಯುವವರ ನಿಲುವೂ ಹೀಗೆಯೇ ಇರುತ್ತದೆ. 1740ರಲ್ಲಿ ಮಾನ್‌ಹೈಮ್‌ನಲ್ಲಿ ಹುಟ್ಟಿದ ಕೋಬೆಲ್, ಹೈಡೆಲ್‌ಬರ್ಗ್‌ನಲ್ಲಿ ಕಾನೂನು ಓದಿ, ಆಮೇಲೆ ದೊರೆ ಕಾರ್ಲ್ ಥಿಯೋಡೋರನ ಆಶ್ರಯದಿಂದ ಚಿತ್ರಕಲೆಗೆ ಬಂದವನು.

ಇನ್ನು ಮಾರಾಟಗಾರರ ವಿವರಣೆಯ ವಿಷಯ. ಎಚಿಂಗ್‌ಗಾಗಿ ತಾಮ್ರದ ತಗಡಿಗೆ ಮೇಣ ಮತ್ತು ರಾಳದ ಲೇಪ ಕೊಟ್ಟು, ಸೂಜಿಯಿಂದ ಲೇಪವನ್ನಷ್ಟೇ ಗೀರಿ, ತಗಡನ್ನು ಆಮ್ಲದಲ್ಲಿಡುತ್ತಾರೆ; ಆಮ್ಲ ಕೊರೆದ ಗೆರೆಗಳಲ್ಲಿ ಶಾಯಿ ತುಂಬಿ, ಒದ್ದೆ ಕಾಗದವಿಟ್ಟು ಯಂತ್ರದಲ್ಲಿ ಒತ್ತುತ್ತಾರೆ. ಒತ್ತಿದಷ್ಟೂ ತಗಡು ಸವೆಯುವುದರಿಂದ, ಒಂದೇ ತಗಡಿನ ಮೊದಲ ಪ್ರತಿಗೂ ಬಹುಕಾಲದ ನಂತರದ ಪ್ರತಿಗೂ ಬೆಲೆಯಲ್ಲಿ ಬಹಳ ಅಂತರವಿರುತ್ತದೆ. ಕೋಬೆಲ್ ತೀರಿಕೊಂಡದ್ದು 1799ರಲ್ಲಿ. ಅವನ ತಗಡುಗಳಿಂದ ನ್ಯೂರೆಂಬರ್ಗ್‌ನ ಪ್ರಕಾಶಕ ಫ್ರೌನ್‌ಹೋಲ್ಜ್ 1809ರಲ್ಲಿ ದೊಡ್ಡ ಸಂಗ್ರಹವನ್ನೇ ಮತ್ತೆ ಮುದ್ರಿಸಿದ. ಮಾರಾಟಗಾರರು ಇದನ್ನು ಹೇಳದೆ ‘ಹದಿನೆಂಟನೆಯ ಶತಮಾನದ ಮೂಲಚಿತ್ರ’ ಎಂದಷ್ಟೇ ಬರೆದಿದ್ದರು. ಭೂತಗನ್ನಡಿಯಲ್ಲಿ ನೋಡಿದಾಗ ಆಕಾಶದ ಸಣ್ಣ ಗೆರೆಗಳು ಅಲ್ಲಲ್ಲಿ ತುಂಡಾಗಿವೆ. ಮರದ ನೆರಳಿನ ಭಾಗ ಬೂದುಬಣ್ಣಕ್ಕೆ ತಿರುಗಿದೆ. ನನ್ನ ಲೆಕ್ಕದಲ್ಲಿ ಇದು ನಂತರದ ಮುದ್ರಣ. ತಗಡಿನ ಅಂಚು ಕಾಗದದಲ್ಲಿ ಒತ್ತಿದ ಗುರುತು ಮಾತ್ರ ನಾಲ್ಕೂ ಕಡೆ ಸ್ಪಷ್ಟವಾಗಿದೆ, ಕಾಗದವನ್ನು ಯಾರೂ ಕತ್ತರಿಸಿಲ್ಲ. ಪ್ಯಾಕಿಂಗ್ ಚೆನ್ನಾಗಿತ್ತು.

ಕಟ್ಟು ಹಾಕಿದ್ದು ಚಿಕ್ಕಪೇಟೆಯ ಕಡೆಯ ಒಂದು ಸಣ್ಣ ಅಂಗಡಿ. ಅಲ್ಲಿ ಹೆಚ್ಚಾಗಿ ದೇವರ ಪಟಗಳ ಕೆಲಸವೇ ನಡೆಯುತ್ತದೆ. ಚಿತ್ರವನ್ನು ಹಲಗೆಗೆ ಅಂಟಿಸಿ ಗಾಜು ಒತ್ತುವುದು ಅವರ ರೂಢಿ. ಹಾಗೆ ಮಾಡಿದರೆ ಮಳೆಗಾಲದ ತೇವಕ್ಕೆ ಕಾಗದ ಗಾಜಿಗೆ ಹತ್ತಿಕೊಂಡು ಬೂಷ್ಟು ಹಿಡಿಯುತ್ತದೆ ಎಂದು ವಿವರಿಸಿದಾಗ, ಅಂಗಡಿಯವರು ಬೇಸರಪಡದೆ ಕೇಳಿಸಿಕೊಂಡರು. ಬೆಂಗಳೂರಿನಿಂದ ತಂದುಕೊಟ್ಟ ಆಮ್ಲರಹಿತ ರಟ್ಟನ್ನು ಚಿತ್ರದ ಸುತ್ತ ಚೌಕಟ್ಟಾಗಿ ಕತ್ತರಿಸಿ, ಗಾಜಿಗೂ ಕಾಗದಕ್ಕೂ ನಡುವೆ ಜಾಗ ಉಳಿಸಿ, ಗೋಧಿ ಪಿಷ್ಟದ ಅಂಟಿನಿಂದ ಮೇಲಂಚನ್ನು ಮಾತ್ರ ಎರಡು ತೆಳು ಕಾಗದದ ಪಟ್ಟಿಗಳಿಗೆ ತೂಗುಹಾಕಿದ್ದಾರೆ. ಮೂಲೆಗಳ ಜೋಡಣೆಯಲ್ಲಿ ಕೂದಲೆಳೆಯಷ್ಟೂ ಬಿರುಕಿಲ್ಲ. ಕೂಲಿಯನ್ನೂ ನ್ಯಾಯವಾಗಿಯೇ ತೆಗೆದುಕೊಂಡರು.

ನಂತರದ ಮುದ್ರಣವೆಂದು ತಿಳಿದೂ ಈ ಚಿತ್ರವನ್ನು ನಾನು ಹಿಂತಿರುಗಿಸುವುದಿಲ್ಲ, ಏಕೆಂದರೆ ಆಕಾಶ ಸವೆದಿದ್ದರೂ ಆಳವಾಗಿ ಕೊರೆದ ಮನುಷ್ಯರು ಗಟ್ಟಿಯಾಗಿ ಉಳಿದಿದ್ದಾರೆ. ಇಂಥದ್ದನ್ನು ಕೊಳ್ಳುವವರು ಹಣ ಕಳಿಸುವ ಮೊದಲು ಕಾಗದದ ಹಿಂಬದಿಯ ಫೋಟೋ, ಬೆಳಕಿಗೆ ಹಿಡಿದಾಗ ಕಾಣುವ ನೀರಚ್ಚಿನ (ಕಾಗದ ತಯಾರಿಸುವಾಗಲೇ ಅದರಲ್ಲಿ ಮೂಡಿಸಿದ ಗುರುತಿನ) ಫೋಟೋ ಮತ್ತು ಯಾವ ಕಾಲದ ಮುದ್ರಣವೆಂಬ ಲಿಖಿತ ಉತ್ತರ, ಈ ಮೂರನ್ನೂ ಕೇಳಿ ಪಡೆಯಬೇಕು.