ನಿಧಾನ ಓಟವೋ, ಇಂಟರ್ವಲ್ ಓಟವೋ?

ದಮ್ಮು ಹೆಚ್ಚಿಸಿಕೊಳ್ಳಬೇಕು ಅಂದರೆ ಮುಖ್ಯವಾಗಿ ಎರಡು ದಾರಿ. ಮಾತಾಡಿಕೊಂಡೇ ಓಡಬಹುದಾದ ನಿಧಾನದ ಉದ್ದ ಓಟ ಒಂದು. ಏದುಸಿರು ಬರುವಷ್ಟು ಜೋರಾಗಿ ಓಡಿ, ನಡುನಡುವೆ ಸುಧಾರಿಸಿಕೊಳ್ಳುವ ಇಂಟರ್ವಲ್ ಇನ್ನೊಂದು.

ನಿಧಾನ ಓಟದಲ್ಲಿ ಸುಮ್ನೆ ಹೊತ್ತು ಹೋಗುತ್ತದೆ ಅನ್ನಿಸುತ್ತದೆ, ಅಲ್ವಾ? ಒಳಗೆ ಮಾತ್ರ ಬೇಕಾದಷ್ಟು ಕೆಲಸ ನಡೆದಿರುತ್ತದೆ. ಮೊದಲ ಒಂದೆರಡು ವಾರದಲ್ಲೇ ರಕ್ತದ ದ್ರವಭಾಗ, ಅಂದರೆ ಪ್ಲಾಸ್ಮಾ, ಹೆಚ್ಚುತ್ತದೆ. ಹೃದಯ ಪ್ರತಿ ಬಡಿತಕ್ಕೂ ಜಾಸ್ತಿ ರಕ್ತ ತಳ್ಳುತ್ತದೆ. ಅದೇ ವೇಗಕ್ಕೆ ಈಗ ಕಡಿಮೆ ಬಡಿತ ಸಾಕು. ವಾರಗಳು ಕಳೆದಂತೆ ಸ್ನಾಯುವಿನ ಎಳೆಗಳ ಸುತ್ತ ಹೊಸ ಲೋಮನಾಳಗಳು, ಅಂದರೆ ಕೂದಲೆಳೆಯಂಥ ರಕ್ತನಾಳಗಳು, ಹುಟ್ಟುತ್ತವೆ, ಎಳೆಗಳೊಳಗೆ ಶಕ್ತಿ ತಯಾರಿಸುವ ಪುಟ್ಟ ಘಟಕಗಳಾದ ಮೈಟೋಕಾಂಡ್ರಿಯಾ ಹೆಚ್ಚುತ್ತವೆ. ಆಗ ದೇಹ ಕೊಬ್ಬನ್ನು ಜಾಸ್ತಿ ಬಳಸಿ ಗ್ಲೈಕೋಜನ್, ಅಂದರೆ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ, ಉಳಿಸಿಕೊಳ್ಳುತ್ತದೆ. ಬೇಗ ಸುಸ್ತಾಗದಿರುವುದು ಇದರಿಂದಲೇ.

ಇಂಟರ್ವಲ್‌ನಲ್ಲೂ ಮೈಟೋಕಾಂಡ್ರಿಯಾ ಹೆಚ್ಚುತ್ತವೆ, ಅದೂ ಕಡಿಮೆ ಸಮಯದಲ್ಲಿ. ಆದರೆ ಅದರ ಬಲ ಇರುವುದು ವಿಓ2 ಮ್ಯಾಕ್ಸ್ ಏರಿಸುವುದರಲ್ಲಿ. ದೇಹ ನಿಮಿಷಕ್ಕೆ ಬಳಸಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣ ಅದು. ಹೆಸರಾದ ಒಂದು ಕ್ರಮ ಹೀಗಿದೆ: ಗರಿಷ್ಠ ಬಡಿತದ ಶೇ. 90ರಿಂದ 95ರಲ್ಲಿ 4 ನಿಮಿಷ, ಆಮೇಲೆ 3 ನಿಮಿಷ ಸಾವಕಾಶ, ಒಟ್ಟು 4 ಸಲ. ಮೂರನೇ ಸುತ್ತಿಗೆ ಬಾಯಿಂದ ಒಂದೆರಡು ಪದ ಹೊರಟರೆ ಹೆಚ್ಚು.

ಒಂದು ತೊಡಕಿದೆ. ಹೃದಯ ಬೇಗ ಪಳಗುತ್ತದೆ, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಮತ್ತು ಮೂಳೆಗಳಿಗೆ ತಿಂಗಳುಗಳೇ ಬೇಕು. ಉಸಿರು ಸಲೀಸಾಯ್ತು ಅಂತ ವೇಗ ಏರಿಸಿ ಹೊಸಬರು ಮೊಣಕಾಲ ಕೆಳಗೆ ನೋವು ತಂದುಕೊಳ್ಳುತ್ತಾರೆ. ಹಾಗಾಗಿ ಈಗಷ್ಟೇ ಶುರುಮಾಡಿದವರಿಗೆ ನಾನು ನಿಧಾನ ಓಟವನ್ನೇ ಹೇಳುವುದು. ಕೆಲವು ತಿಂಗಳಿಂದ ಓಡುತ್ತಿದ್ದು ವೇಗ ಇದ್ದಲ್ಲೇ ನಿಂತಿದ್ದರೆ, ವಾರಕ್ಕೊಂದು ಇಂಟರ್ವಲ್ ಸೇರಿಸಿ. ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಜೋರು ಓಟಕ್ಕೆ ಇಳಿಯಬೇಡಿ.